ಸೂರಿಗೇರಿದ ಜೆರ್ಸಿ

ಬೆಳಿಗ್ಗೆ ಕಚೇರಿಗೆ ಕರೆದು ತಂಡದ ಯಜಮಾನರು ಹೇಳಿದ್ದು ಎರಡೇ ಮಾತು. "ತಂಡಾನ ಹೊಸದಾಗಿ ಕಟ್ಟಬೇಕು ಕಣ್ರೀ. ದೊಡ್ಡಣ್ಣನ ಜೆರ್ಸಿ ಇವತ್ತು ಸಂಜೆ ಮೇಲಕ್ಕೆ ಹೋಗ್ಲಿ."

ಬ್ಯಾಸ್ಕೆಟ್‌ಬಾಲ್ ತಂಡದ ಮ್ಯಾನೇಜರು ಬರೆದುಕೊಳ್ಳಲು ತೆಗೆದ ಪೆನ್ನನ್ನು ಮತ್ತೆ ಜೇಬಿಗಿಟ್ಟರು. ಹೊಸದಾಗಿ ಕಟ್ಟುತ್ತೇವೆ ಎಂದು ಉಳ್ಳವರು ಬಾಯಿಬಿಟ್ಟಾಗ, ಮೊದಲು ಯಾರ ಗೋಡೆ ಬೀಳುತ್ತದೆ ಎಂದು ನೋಡಬೇಕು. ಈ ಸಲ ಬೀಳಬೇಕಾಗಿದ್ದದ್ದು ದೊಡ್ಡಣ್ಣ, ತಂಡದ ಹಿರಿಯ ಕ್ಯಾಪ್ಟನ್. ಅವನ ಬೆವರು ಬಿದ್ದು ಬಿದ್ದೇ ಆ ಅಂಕಣದ ಹಲಗೆಗೆ ಹೊಳಪು ಬಂದಿತ್ತು.

ಜೆರ್ಸಿ ಮೇಲಕ್ಕೆ ಹೋಗುವುದು ಯಜಮಾನರ ತಂದೆ ಮಾಡಿಟ್ಟ ಪದ್ಧತಿ. ತಂಡಕ್ಕೆ ದುಡಿದವನ ಜೆರ್ಸಿಯನ್ನು ಪಂದ್ಯಕ್ಕೆ ಮುಂಚೆ ಬಟ್ಟೆಯಲ್ಲಿ ಸುತ್ತಿ ಹಗ್ಗಕ್ಕೆ ಕಟ್ಟಿ, ಕ್ರೀಡಾಂಗಣದ ಸೂರಿಗೆ ಏರಿಸುತ್ತಾರೆ. ಕಟ್ಟುವವರು ಆಟಗಾರರು, ಎಳೆಯುವವರು ಮ್ಯಾನೇಜರು. ಏರಿದ್ದು ಇಳಿಯುವಂತಿಲ್ಲ. ಅದರ ಒಡೆಯ ಆ ಗಳಿಗೆಯಿಂದ ತಂಡದ ಕೆಲಸ ಬಿಟ್ಟು ಪ್ರೇಕ್ಷಕರ ನಡುವೆ ಗೌರವದ ಕುರ್ಚಿಯಲ್ಲಿ ಕೂರಬೇಕು. ಕತ್ತು ಹಿಡಿದು ದಬ್ಬಿದರೂ ಚಪ್ಪಾಳೆ ಬೀಳುವ ಏರ್ಪಾಡು ಅದು.

"ಅವನು ಒಪ್ಪದೆ ಹೋದ್ರೆ, ಸಾರ್?"

"ಒಪ್ಪಿಸಿ. ಆಗ್ಲಿಲ್ಲ ಅಂದ್ರೆ ನಾಳೆಯಿಂದ ನೀವು ಬರ್ಬೇಡಿ."

ಮ್ಯಾನೇಜರು ತಮ್ಮ ಕೋಣೆಗೆ ಬಂದು ಬೀರು ತೆರೆದರು. ಕಷ್ಟ ಬಂದಾಗಲೆಲ್ಲ ಅವರು ನೋಡುವುದು ಒಳಗೆ ತೂಗುಬಿಟ್ಟ ಹದಿನಾಲ್ಕನೇ ನಂಬರಿನ ಜೆರ್ಸಿಯನ್ನು. ಒಂದು ಕಾಲದಲ್ಲಿ ಅವರೂ ಇದೇ ತಂಡದಲ್ಲಿದ್ದರು. ಒಂದು ಪಂದ್ಯಕ್ಕೂ ಇಳಿಯದೆ ಬೆಂಚಿನ ಮೇಲಿದ್ದರು ಅನ್ನುವುದು ಸರಿ. ಆ ಜೆರ್ಸಿಗೆ ಬೆವರಿನ ಪರಿಚಯವೇ ಇರಲಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿತ್ತು.

ಅವರು ಗಮನಿಸದ ಸಂಗತಿ ಒಂದಿತ್ತು. ಯಜಮಾನರ ಕಚೇರಿಯ ಪಕ್ಕದ್ದೇ ಆಟಗಾರರ ಕೈಕಾಲು ನೀವುವ ಅಕ್ಕನ ಕೋಣೆ. ಗೋಡೆಗೆ ಕಿವಿ ಇರುತ್ತದೆ ಅನ್ನುತ್ತಾರೆ. ಈ ಗೋಡೆಗೆ ಬಾಯಿಯೂ ಇತ್ತು.

ಅಂಕಣದಲ್ಲಿ ದೊಡ್ಡಣ್ಣ ಬುಟ್ಟಿಯ ಕೆಳಗೆ ನಿಂತು, ಹೊಸದಾಗಿ ಸೇರಿದ ಎಳೆಯ ಆಟಗಾರನಿಗೆ ಹೇಳಿಕೊಡುತ್ತಿದ್ದ. ಆ ಹುಡುಗನನ್ನು ಎಲ್ಲರೂ ಮಿಡತೆ ಅನ್ನುತ್ತಿದ್ದರು. ಹಾರುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಇಳಿಯುವುದೆಲ್ಲಿ ಅನ್ನುವುದು ಮಾತ್ರ ಅವನಿಗೂ ಗೊತ್ತಿರುತ್ತಿರಲಿಲ್ಲ.

"ನೀನು ಓಡು, ನಾನು ನಿಲ್ತೀನಿ," ಅಂದ ದೊಡ್ಡಣ್ಣ. "ನನ್ನನ್ನ ಕಾಯೋಕೆ ಎದುರಾಳಿಗಳು ಇಬ್ಬರು ಬರ್ತಾರೆ. ಆ ಸಂದೀಲಿ ನೀನು ಹಾರು. ನನ್ನ ಮಂಡಿ ಹೋಗಿರ್ಬಹುದು ಕಣೋ, ಹೆಸರು ಇನ್ನೂ ಗಟ್ಟಿಯಾಗಿದೆ."

ಮ್ಯಾನೇಜರು ಕೆಮ್ಮಿದರು. ಗೌರವ, ವಿಶ್ರಾಂತಿ, ಕುರ್ಚಿಯ ಮೆತ್ತೆ ಎಂದು ಸುತ್ತಿ ಬಳಸಿ ವಿಷಯಕ್ಕೆ ಬರುವಷ್ಟರಲ್ಲಿ ಅವರ ಅಂಗಿ ಒದ್ದೆಯಾಗಿತ್ತು. ಜೆರ್ಸಿ ತೊಟ್ಟ ದಿನಗಳಲ್ಲೂ ಅವರು ಅಷ್ಟು ಬೆವರಿರಲಿಲ್ಲ.

ದೊಡ್ಡಣ್ಣ ರೇಗಲಿಲ್ಲ. "ಏರಿದ್ದು ಇಳಿಯೋದೇ ಇಲ್ವಾ, ಅಣ್ಣಾ?" ಎಂದು ಕೇಳಿದ.

"ಯಜಮಾನರು ಹೇಳಿದ್ರೂ ಇಳಿಯೋಲ್ಲ. ಅವರಪ್ಪನ ನಿಯಮ."

"ಭಾರೀ ಆಟಗಾರನೇ ಆಗಿರ್ಬೇಕಾ?"

"ಹಾಗೇನಿಲ್ಲಪ್ಪ. ತಂಡಕ್ಕೆ ದುಡಿದೋರು ಯಾರಾದ್ರೂ ಆಯ್ತು."

"ನಂಗೆ ಬೇಡ ಅಂದ್ರೆ?"

"ಅನ್ನೋ ಹಾಗಿಲ್ಲ. ಏರಿಸಿದ ಮೇಲೆ ಮುಗೀತು. ಬೇಡ ಅಂದ್ರೆ ತಂಡಕ್ಕೇ ಅವಮಾನ."

"ಹಾಗಾದ್ರೆ ಸರಿ. ಸಂಜೆ ಜೆರ್ಸಿ ಕಟ್ತೀವಿ. ನೀವು ಎಳೀರಿ," ಅಂದ ದೊಡ್ಡಣ್ಣ. ಹಿಂದೆ ನಿಂತಿದ್ದ ಮಿಡತೆ ಯಾಕೋ ಚೆಂಡಿನಿಂದ ಮುಖ ಮುಚ್ಚಿಕೊಂಡ.

ಬೆಟ್ಟದಂಥ ಕೆಲಸ ಬೆಣ್ಣೆಯ ಹಾಗೆ ಜಾರಿದ್ದು ಕಂಡು ಮ್ಯಾನೇಜರಿಗೆ ತಮ್ಮ ಮಾತುಗಾರಿಕೆಯ ಮೇಲೇ ಮೋಹ ಹುಟ್ಟಿತು. ಯಜಮಾನರಿಗೆ ವರದಿ ಒಪ್ಪಿಸಿ ಬರುವಾಗ ಅಕ್ಕ ಬಾಗಿಲಲ್ಲೇ ತಡೆದಳು.

"ಬನ್ನಿ ಇಲ್ಲಿ. ಸಂಜೆ ಹಗ್ಗ ಎಳೀಬೇಕಲ್ಲ, ಕೈ ಕೊಡಿ."

"ಬೇಡಮ್ಮ, ಕೋಣೇಲಿ ಕೆಲಸ ಇದೆ."

"ನಡುವೆ ಕೈ ಹಿಡ್ಕೊಂಡು ಜೆರ್ಸಿ ಅರ್ಧದಲ್ಲಿ ನಿಂತ್ರೆ? ಮರ್ಯಾದೆ ಯಾರದು ಹೋಗೋದು?"

ಅವಳು ಮೊಣಕೈ ತನಕ ಎಣ್ಣೆ ಸುರಿದು, ಕಣಕ ನಾದಿದ ಹಾಗೆ ನಾದಿದಳು. "ಎಣ್ಣೆ ಇಳಿಯೋವರೆಗೂ ಏನೂ ಮುಟ್ಟಬೇಡಿ," ಎಂದು ಅಪ್ಪಣೆ ಮಾಡಿ ಹೊರಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಮ್ಯಾನೇಜರು ಎರಡೂ ಕೈ ಗಾಳಿಯಲ್ಲಿ ಹಿಡಿದು, ಶರಣಾದ ಕಳ್ಳನ ಹಾಗೆ ಕೂತರು. ದಾರಿಯಲ್ಲಿ ಹೋಗುವ ಆಟಗಾರರೆಲ್ಲ ಇಣುಕಿ, "ನಿಮ್ಮಂಥೋರು ಸಿಗಲ್ಲ ಬಿಡಿ" ಅಂದರು. ಒಬ್ಬೊಬ್ಬರು ಅಂದಾಗಲೂ ಅವರ ಎದೆ ಅಷ್ಟಷ್ಟು ಉಬ್ಬಿತು.

ಸಂಜೆ ಕ್ರೀಡಾಂಗಣ ತುಂಬಿತು. ಯಜಮಾನರು ಮೈಕು ಹಿಡಿದರು. "ಈಗ ಏರಲಿರುವ ಜೆರ್ಸಿಯ ಒಡೆಯರಿಗೆ ತಂಡ ಎಂದೆಂದಿಗೂ ಋಣಿ. ನಮ್ಮ ತಂದೆಯವರ ನಿಯಮದಂತೆ ಅವರಿಗೆ ಈ ಕ್ಷಣದಿಂದ ಸಂಪೂರ್ಣ ವಿಶ್ರಾಂತಿ."

ಆಟಗಾರರು ಬಟ್ಟೆ ಸುತ್ತಿದ ಜೆರ್ಸಿಯನ್ನು ತಂದು ಹಗ್ಗಕ್ಕೆ ಕಟ್ಟಿದರು. ಮ್ಯಾನೇಜರು ಹಲ್ಲು ಕಚ್ಚಿ ಎಳೆದರು. ಜನ್ಮದಲ್ಲಿ ಮೊದಲ ಸಲ ಸಾವಿರಾರು ಕಣ್ಣು ಅವರ ಮೇಲಿದ್ದವು. ಬಾವಿಯಿಂದ ಆನೆ ಎತ್ತುವವರ ಹಾಗೆ ಎಳೆದರು. ಗಂಟು ಸೂರು ಮುಟ್ಟಿತು, ಸುತ್ತಿದ ಬಟ್ಟೆ ಜಾರಿತು, ಜೆರ್ಸಿ ಬಿಚ್ಚಿಕೊಂಡಿತು.

ಬೆಳ್ಳಗೆ, ಒಂದು ಕಲೆಯೂ ಇಲ್ಲದೆ. ಹದಿನಾಲ್ಕು.

ಆಟಗಾರರು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಅದನ್ನು ನೋಡಿ, ಯಾರದೆಂದು ತಿಳಿಯದಿದ್ದರೂ, ಇಡೀ ಕ್ರೀಡಾಂಗಣ ಎದ್ದಿತು. ಮ್ಯಾನೇಜರಿಗೆ ಕಣ್ಣು ಮಂಜಾಯಿತು. ಅಷ್ಟು ಎತ್ತರದಲ್ಲಿ, ಅಷ್ಟು ಬೆಳಕಿನಲ್ಲಿ, ತಮ್ಮದೇ ಜೆರ್ಸಿ.

ದೊಡ್ಡಣ್ಣ ಮೇಲಂಗಿಯ ಜಿಪ್ಪು ಇಳಿಸಿದ. ಒಳಗೆ ಅವನ ಏಳನೇ ನಂಬರು ಹಾಗೇ ಇತ್ತು. ಹತ್ತಿರ ಬಂದು ತಬ್ಬಿಕೊಂಡ. "ನನ್ನ ಮೊದಲ್ನೇ ಪಂದ್ಯದಲ್ಲಿ ಶೂ ಹರಿದಾಗ ನಿಮ್ಮದನ್ನ ಕಾಲಿಂದ ಬಿಚ್ಚಿ ಕೊಟ್ಟೋರು ನೀವಣ್ಣ. ನಿಮಗೆ ಅದರ ಅಗತ್ಯ ಇರ್ಲಿಲ್ಲ ಬಿಡಿ. ಆದ್ರೂ ಕೊಟ್ರಿ. ಇದು ಸುಳ್ಳು ಗೌರವ ಅಲ್ಲ."

ಯಜಮಾನರು ಮೈಕಿನ ಮೇಲೆ ಕೈ ಮುಚ್ಚಿ ಹಲ್ಲು ಕಡಿದರು. ಆದರೆ ತಂದೆಯ ನಿಯಮ, ತಮ್ಮದೇ ಬಾಯಿ, ಎದ್ದು ನಿಂತ ಜನ. ನುಂಗುವಂತಿಲ್ಲ, ಉಗುಳುವಂತಿಲ್ಲ.

ಆಗಲೇ ಮಿಡತೆ ಬಂದು ವಿನಯದಿಂದ ಹೇಳಿದ. "ಮ್ಯಾನೇಜರ್ ಸಾರ್, ಕಾಲು ಅಂಕಣದ ಗೆರೆಯೊಳಗಿದೆ. ನೀವಿನ್ನು ಇಲ್ಲಿ ನಿಲ್ಲೋ ಹಾಗಿಲ್ವಂತೆ."

ಮ್ಯಾನೇಜರಿಗೆ ಆಗ ಲೆಕ್ಕ ತಿಳಿಯಿತು. ಒಪ್ಪಿಸದಿದ್ದರೂ ಕೆಲಸ ಹೋಗುತ್ತಿತ್ತು, ಒಪ್ಪಿಸಿದ್ದಕ್ಕೂ ಹೋಗಿತ್ತು. ಅದೂ ತಮ್ಮ ಕೈಯಾರೆ, ಎಣ್ಣೆ ಹಚ್ಚಿಸಿಕೊಂಡು.

ಅವರು ಮೆಟ್ಟಿಲು ಹತ್ತಿ ಗೌರವದ ಕುರ್ಚಿಯಲ್ಲಿ ಕೂತರು. ಮೆತ್ತೆ ಇರಲಿಲ್ಲ. ಕೆಳಗೆ ದೊಡ್ಡಣ್ಣ ಬಂಡೆಯ ಹಾಗೆ ನಿಂತ. ಎದುರಾಳಿಗಳಿಬ್ಬರು ಅವನಿಗೆ ಅಂಟಿಕೊಂಡರು. ಆ ಸಂದಿಯಲ್ಲಿ ಮಿಡತೆ ಹಾರಿದ, ಈ ಸಲ ಇಳಿಯಬೇಕಾದ ಕಡೆಯೇ ಇಳಿದ. ಮತ್ತೆ ಹಾರಿದ. ಹಳಬ ನಿಂತು, ಹೊಸಬ ಹಾರಿ, ತಂಡ ಗೆದ್ದಿತು. ಮ್ಯಾನೇಜರು ಎಲ್ಲರಿಗಿಂತ ಜೋರಾಗಿ ಕೂಗಿದರು.

ಪಕ್ಕದಲ್ಲಿದ್ದವನು ಸೂರಿನ ಕಡೆ ಬೆರಳು ತೋರಿಸಿದ. "ಅದ್ಯಾರ್ರೀ ಹದಿನಾಲ್ಕು? ಅಷ್ಟು ದೊಡ್ಡ ಆಟಗಾರನಾ?"

ನಾಳೆಯಿಂದ ಕೆಲಸವಿಲ್ಲದ ಮನುಷ್ಯ ಎದೆ ಸೆಟೆದು ಕೂತ.

"ಕೇಳ್ತೀರಾ? ಅವನು ಆಡಿದ ಒಂದೇ ಒಂದು ಪಂದ್ಯಾನೂ ತಂಡ ಸೋತಿಲ್ಲ."