ದೊಡ್ಡ ಮನಸ್ಸಿನ ಸಂಖ್ಯೆ

ತಿಥಿ ಮುಗಿದು ನೆಂಟರೆಲ್ಲ ಹೊರಟ ಮರುದಿನ ಬೆಳಿಗ್ಗೆ ಸುನಂದ ಎರಡು ಲೋಟ ಕಾಫಿ ಮಾಡಿಬಿಟ್ಟಳು. ಎರಡನೆಯದನ್ನು ಏನು ಮಾಡುವುದೆಂದು ನಿಂತಿದ್ದಾಗ ಗೇಟಿನ ಹತ್ತಿರ ಪಕ್ಕದ ಮನೆಯ ಬಚ್ಚಪ್ಪ ಕೆಮ್ಮಿದ. ಲೋಟ ಅವನ ಕೈಗೆ ಹೋಯಿತು.

ಕಾಫಿ ಕುಡಿದ. ರಾಗಿಯ ಸುದ್ದಿ ಹೇಳಿದ. ಹೋಗಲಿಲ್ಲ.

“ತಪ್ಪು ತಿಳ್ಕಬೇಡ ತಾಯಿ. ಬಸ್‌ಸ್ಟ್ಯಾಂಡಿಗೆ ಹೋಗೋಕೆ ಅಂತ ಮೇಷ್ಟ್ರು ನನ್ ಸೈಕಲ್ ಇಸ್ಕೊಂಡಿದ್ರು. ಡೈರಿಗೆ ಹಾಲು ತಲೆ ಮೇಲೆ ಹೊತ್ತೂ ಹೊತ್ತೂ ಕತ್ತು ಆಮೆ ಥರ ಒಳಕ್ಕೆ ಹೋಗ್ಬಿಟ್ಟೈತೆ.”

ಸೈಕಲ್ಲು ಗೇಟಿಗೇ ಇತ್ತು, ಐದು ಅಂಕಿಯ ಸರಪಳಿ ಬೀಗ ಬಿಗಿದುಕೊಂಡು. ನಂಬರು ಗೊತ್ತಿದ್ದದ್ದು ಸುನಂದಳ ಗಂಡ, ಗಣಿತ ಮೇಷ್ಟ್ರು ಉದಯಕುಮಾರನಿಗೆ. ಸೈಕಲ್ಲಿಗೆ ಬೀಗ ಹಾಕಿದ ರಾತ್ರಿ ಹೆಂಡತಿ ಕೇಳಿದ್ದಕ್ಕೆ ಅವನು ಒಗಟು ಹಾಕಿದ್ದ: “ದೊಡ್ಡ ಮನಸ್ಸಿನ ಸಂಖ್ಯೆ ಕಣೇ. ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದ್ರೂ ಶೇಷ ಉಳಿಸಲ್ಲ. ಹಿಂದಿನಿಂದ ಓದಿದ್ರೂ ಅದೇ. ಬೆಳಿಗ್ಗೆ ಉತ್ತರ ಹೇಳು.”

ಬೆಳಿಗ್ಗೆ ಅವನು ಏಳಲಿಲ್ಲ.

“ಗರಗಸ ತರ್ಲಾ?” ಎಂದ ಬಚ್ಚಪ್ಪ.

“ಬೇಡ ಬಚ್ಚಪ್ಪಣ್ಣ. ಉತ್ತರ ನಾನೇ ಹೇಳ್ಬೇಕು.”

ಅಷ್ಟರಲ್ಲಿ ಬೀಗದ ಸುತ್ತ ಮಾವಿನ ಮಂಡಿಯ ಹಾಗೆ ಜನ ಸೇರಿತು. ಒಬ್ಬರು ಮದುವೆಯ ತಾರೀಕು ಕೂಗಿದರು, ಇನ್ನೊಬ್ಬರು ಬಸ್ಸಿನ ನಂಬರು. ಬಚ್ಚಪ್ಪ ಅಂಕಿ ಕೂಡಿಸಿ ಟೋಟಲ್ ಒಂಬತ್ತು ಬರುವವನ್ನೆಲ್ಲ ತಿರುಗಿಸಿದ. “ಸೊನ್ನೆ ಮಾತ್ರ ಮುಟ್ಟಬೇಡ್ರಪ್ಪಾ. ಮದುವೇಲಿ ಮುಯ್ಯಿ ಓದಿಸೋವಾಗ್ಲೇ ನೂರಕ್ಕೆ ಒಂದು ಸೇರಿಸ್ತೀವಿ. ಸೊನ್ನೇಲಿ ಮುಗಿಯೋ ನಂಬರು ಯಾರಾನ ಇಡ್ತಾರಾ?”

ಸುನಂದ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದಳು. ಎಂಟು, ಒಂಬತ್ತು, ಐದು, ಏಳು. ಗುಣಿಸಿದರೆ ಎರಡು ಸಾವಿರದ ಐನೂರ ಇಪ್ಪತ್ತು. ಮುಂದೊಂದು ಸೊನ್ನೆ ಇಟ್ಟರೆ 02520. ತಿರುಗಿಸಿ ಓದಿದಳು. ಅದೇ! ಎಷ್ಟೋ ದಿನದ ಮೇಲೆ ಅವನ ಪಕ್ಕದಲ್ಲಿ ಕೂತಂತಾಯಿತು.

“ಟೋಟಲ್ ಒಂಬತ್ತೇ, ಆದ್ರೆ ಕೊನೇಲಿ ಸೊನ್ನೆ!” ಎಂದು ಬಚ್ಚಪ್ಪ ಕಣ್ಣು ಮುಚ್ಚಿಕೊಂಡ.

ಅಂಕಿಗಳನ್ನು ಒಂದೊಂದಾಗಿ ಕೂರಿಸಿದಳು. ಎಳೆದಳು. ಬೀಗ ಜಗ್ಗಲಿಲ್ಲ. ಮತ್ತೆ ಲೆಕ್ಕ ಹಾಕಿದಳು. ಬೇರೆ ಉತ್ತರ ಹೊಳೆಯಲಿಲ್ಲ.

“ತುಕ್ಕು ಹಿಡಿದಿರ್ಬೇಕು, ಬಿಡು ತಾಯಿ,” ಎಂದ ಬಚ್ಚಪ್ಪ. ಸಂಜೆ ಹಾಲಿನ ಹೊತ್ತಿಗೆ ಅವಳೇ ಗರಗಸಕ್ಕೆ ತಲೆಯಾಡಿಸಿದಳು. ಸರಪಳಿ ತುಂಡಾಯಿತು. ಬಚ್ಚಪ್ಪ ಸೈಕಲ್ ತಳ್ಳಿಕೊಂಡು ಹೋದ.

ಅವನು ತಿರುವು ದಾಟುವಷ್ಟರಲ್ಲಿ, ಮುಳಬಾಗಿಲಿನ ಮಗಳ ಮನೆಯಿಂದ ಆಗಷ್ಟೇ ಬಂದ ಎದುರು ಮನೆಯ ಭಾರತಮ್ಮ ಚೀಲದ ಸಮೇತ ಓಡಿಬಂದರು.

“ಅಯ್ಯೋ, ನನ್ ಬೀಗ ಯಾರು ಕೊಯ್ದಿದ್ದು? ಉದಯಪ್ಪ ಎರಡು ದಿನಕ್ಕೆ ಅಂತ ಇಸ್ಕೊಂಡಿದ್ದ ಕಣಮ್ಮಾ!”

“ನಂಬರು ಗೊತ್ತಾಗ್ಲಿಲ್ಲ ಭಾರತಕ್ಕ.”

“ಎಂಥ ನಂಬರು? ಅಂಗಡಿಯಿಂದ ತಂದ ಹಂಗೇ ಐತೆ. ಐದೂ ಸೊನ್ನೆ.”

ಸೊನ್ನೆ. ಯಾವುದರಿಂದ ಭಾಗಿಸಿದರೂ ಶೇಷವಿಲ್ಲ. ಹಿಂದಿನಿಂದ ಓದಿದರೂ ಅದೇ.

ಸುನಂದ ಐದೂ ಅಂಕಿಗಳನ್ನು ಸೊನ್ನೆಗೆ ತಿರುಗಿಸಿದಳು. ಬೀಗ ಟಕ್ಕೆಂದು ಬಿಟ್ಟುಕೊಂಡಿತು. ನಗು ಬಂತು. “ಇದು ಮೋಸ ಕಣ್ರೀ!” ಎನ್ನುತ್ತ ಮನೆಯೊಳಕ್ಕೆ ತಿರುಗಿದಳು.

ಒಳಗಿನಿಂದ ಯಾರೂ ನಗಲಿಲ್ಲ.

ಸುನಂದ ಬೀಗವನ್ನೂ ಸರಪಳಿಯ ಎರಡು ತುಂಡನ್ನೂ ಸೆರಗಿನಿಂದ ಒರೆಸಿ ಭಾರತಮ್ಮನ ಕೈಗಿಟ್ಟಳು.