ಟ್ರಂಕ್ ಕಾಲ್ ಮತ್ತು ಗ್ರೀಕರು

ಇಂಗ್ಲಿಷ್ ಮೇಷ್ಟ್ರುಗಳಿಗೆ ಒಂದು ಚಟವಿರುತ್ತದೆ. ಕಂಡ ಪದವನ್ನೆಲ್ಲ ಬುಡಸಮೇತ ಕಿತ್ತು ನೋಡುವುದು. ಎಪ್ಪತ್ತರ ದಶಕದಲ್ಲಿ ಕಡೂರಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದ ನನಗೆ ಅದು ವಿಪರೀತವಾಗಿತ್ತು. ಸೈಕಲ್ಲು ಗ್ರೀಕರ ಚಕ್ರದಿಂದ ಬಂದದ್ದು, ಬಸ್ಸು ಲ್ಯಾಟಿನ್ನಿನಲ್ಲಿ ‘ಎಲ್ಲರಿಗೂ’ ಎಂಬ ಮಾತಿನ ಬಾಲ ಎಂದೆಲ್ಲ ಸಿಕ್ಕಿದವರಿಗೆ ಹೇಳುತ್ತಿದ್ದೆ. ಯಗಟಿ ಬಸ್ಸಿನಲ್ಲಿ ಕುರಿಗಳೂ ನನ್ನ ಜೊತೆ ಬರುತ್ತಿದ್ದುದರಿಂದ ಲ್ಯಾಟಿನ್ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಮನೆಯಲ್ಲಿ ಈ ಪುರಾಣ ಕೇಳುತ್ತಿದ್ದವಳು ನನ್ನ ಹೆಂಡತಿ ಗಿರಿಜೆ. ರೊಟ್ಟಿ ತಟ್ಟುತ್ತಲೇ “ಹೂಂ” ಅನ್ನುತ್ತಿದ್ದಳು. ನನಗೆ ಅಷ್ಟು ಸಾಕಾಗಿತ್ತು.

ಅವಳು ಚೊಚ್ಚಲ ಹೆರಿಗೆಗೆಂದು ಅಜ್ಜಂಪುರದ ತವರಿಗೆ ಹೋದಳು. ಮಗಳು ಹುಟ್ಟಿದಳು, ನಾಮಕರಣವೂ ಆಯಿತು. ಬಾಣಂತನ ಮುಗಿಸಿ ತವರಿನವರೇ ಕಳಿಸಬೇಕು. ಅದಕ್ಕೆ ಮುಂಚೆ ಕರೆಯದೆ ಬಂದು ನಿಲ್ಲುವ ಅಳಿಯನನ್ನು ಊರೇ ಆಡಿಕೊಳ್ಳುತ್ತದೆ. ರೈಲು ಹತ್ತಿದರೆ ಗಳಿಗೆಯ ದಾರಿ, ಆದರೆ ಮರ್ಯಾದೆ ಬಿಡಬೇಕಲ್ಲ! ಸಂಜೆ ಬಂದು ಬೀಗ ತೆಗೆದರೆ ಒಲೆ ತಣ್ಣಗೆ ಕೂತಿರುತ್ತಿತ್ತು. ಗ್ರೀಕರ ಸಮಾಚಾರವನ್ನು ಗೋಡೆಗೆ ಹೇಳಲಾಗುತ್ತದೆಯೇ? ಅವಳನ್ನು ನೆನೆದು ಎಷ್ಟೋ ಸಲ ಊಟ ಬಿಟ್ಟು ಮಲಗುತ್ತಿದ್ದೆ.

ಕೊನೆಗೆ ಅಂಚೆ ಕಚೇರಿಗೆ ಹೋಗಿ, ಮಾವನ ಮನೆಯ ಪಕ್ಕದಲ್ಲಿ ಫೋನಿದ್ದ ಈರುಳ್ಳಿ ಮಂಡಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ‘ಬೇಗ ಬಾ, ನೀನಿಲ್ಲದೆ ಆಗೋಲ್ಲ’ ಎಂದು ಹೇಳಿಯೇಬಿಡುವುದೆಂದು ನಿರ್ಧರಿಸಿದ್ದೆ. ಕಾದು ಕಾದು ಲೈನು ಸಿಕ್ಕಿದಾಗ ಮಂಡಿಯವರು ಅವಳನ್ನು ಕೂಗಿ ಕರೆದರು. ಇತ್ತ, ಸ್ಟಾಂಪು ಕೊಳ್ಳಲು ಬಂದವರೆಲ್ಲ ನನ್ನ ಬಾಯನ್ನೇ ನೋಡುತ್ತ ನಿಂತರು.

“ಏನಾಯ್ತ್ರೀ? ಚೆನ್ನಾಗಿದೀರಾ?” ಎಂದಳು ಗಾಬರಿಯಿಂದ.

ನಾನು ಸುತ್ತ ನಿಂತವರನ್ನೊಮ್ಮೆ ನೋಡಿದೆ. “ಏನಿಲ್ಲ ಕಣೇ... ಈ ಟೆಲಿಫೋನ್ ಅಂತೀವಲ್ಲ, ಅದ್ರಲ್ಲಿ ಟೆಲಿ ಅಂದ್ರೆ ಗ್ರೀಕ್‌ನಲ್ಲಿ ದೂರ ಅಂತ,” ಎಂದುಬಿಟ್ಟೆ. ಥೂ ನನ್ನ ಜನ್ಮಕ್ಕಿಷ್ಟು!

ಆ ಕಡೆ ಹೂಂ ಬರಲಿಲ್ಲ. “ದೂರ ಅಂದ್ರೇನು ಅಂತ ನಂಗೆ ಗ್ರೀಕರು ಹೇಳ್ಕೊಡ್ಬೇಕಾ?” ಎಂದಳು. ಅಷ್ಟರಲ್ಲಿ ಲೈನು ಕಟ್ಟಾಯಿತು.

ಮಾರನೆಯ ಬೆಳಗ್ಗೆ ಸಿಕ್ಕ ಮೊದಲ ರೈಲಿಗೇ ಹೋಗಿ ಮಾವನ ಮನೆಯ ಬಾಗಿಲಲ್ಲಿ ನಿಂತೆ. ಅತ್ತೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

“ಏನಪ್ಪಾ, ಹೇಳ್ದೆ ಕೇಳ್ದೆ ಬಂದ್ಬಿಟ್ರಿ?”

“ಮಗೂನ ನೋಡ್ಕೊಂಡು ಹೋಗೋಣ ಅಂತ...”

“ಮಗು ಇಲ್ಲೇ ತೊಟ್ಟಿಲಲ್ಲೈತಲ್ಲ, ನೋಡಿ,” ಎಂದರು ಅತ್ತೆ. ಅವರು ಮಾತು ಮುಗಿಸುವಷ್ಟರಲ್ಲಿ ನಾನು ತೊಟ್ಟಿಲು ದಾಟಿ ಒಳಮನೆ ಸೇರಿಯಾಗಿತ್ತು.