ಒಂದು ಕಿಟಲಿಯ ಪಂಚನಾಮೆ

ಆ ಶನಿವಾರ ಸಿದರಾಯನಿಗೆ ಮುಂಜಾನೆಯ ಚಹಾ ಕಾಲು ತಾಸು ತಡವಾಯಿತು. ಆ ಕಾಲು ತಾಸು ಅವನು ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ. ಆದರೆ ಬಾಯಿ ಮುಚ್ಚಿ ಕೂಡುವುದು ಅವನಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಬನಹಟ್ಟಿಯ ನೂಲಿನ ಅಂಗಡಿಯೊಂದರಲ್ಲಿ ನೇಕಾರರಿಗೆ ನೂಲಿನ ಲಡಿ ತೂಗಿ ಕೊಡುವುದು ಅವನ ಕೆಲಸ. ಅದು ಹೊಟ್ಟೆಪಾಡು. ಅವನ ನಿಜವಾದ ಕಸಬು ಚಹಾ ಕುಡಿಯುವುದು, ಕುಡಿದದ್ದನ್ನು ಸಿಕ್ಕವರಿಗೆಲ್ಲ ವರ್ಣಿಸುವುದು. ಸಂಸ್ಥಾನಗಳು ಹೋಗಿ ಮುಂಬಯಿ ಸರಕಾರ ಬಂದ ದಿನ ಊರೆಲ್ಲ ಪೇಢೆ ತಿಂದಿತು. ಸಿದರಾಯ ಮಾತ್ರ, "ಚಾಕ್ಕ ಸಕ್ಕರಿ ರೇಶನ್ ಹೆಚ್ಚ ಮಾಡ್ತಾರಂತೇನು?" ಎಂದು ಕೇಳುತ್ತ ತಿರುಗಿದ್ದ.

ಸುತ್ತಲಿನ ಊರುಗಳನ್ನು ಅವನು ಗುಡಿಗಳಿಂದ ಗುರುತಿಸುತ್ತಿರಲಿಲ್ಲ, ಚಹಾದಿಂದ ಗುರುತಿಸುತ್ತಿದ್ದ. ಬೀಳಗಿಯಲ್ಲಿ ನಾಲಿಗೆಗೆ ಮೊದಲು ಬಾವಿಯ ಉಪ್ಪು ತಾಗುತ್ತದೆ, ಚಹಾ ಆಮೇಲೆ ಬರುತ್ತದೆ. ಮುಧೋಳದವರು ಎಮ್ಮೆಯ ಹಾಲಿಗೆ ಚಹಾ ಎಂದು ಹೆಸರಿಟ್ಟು ಕೊಡುತ್ತಾರೆ. ಜಮಖಂಡಿಯ ಮೋಟಾರು ಸ್ಟ್ಯಾಂಡಿನ ಚಹಾ ನಸುಕಿನಿಂದ ಕುದಿಯುತ್ತ ಮಧ್ಯಾಹ್ನದ ಹೊತ್ತಿಗೆ ಕಷಾಯವಾಗಿರುತ್ತದೆ. ಕುಡಿದವನು ಮುಂದೆ ಎರಡು ಊರು ದಾಟುವವರೆಗೆ ಕಣ್ಣು ಮುಚ್ಚುವುದಿಲ್ಲ. ರನ್ನ ಬೆಳಗಲಿಯಲ್ಲಿ ಹೊಸ ಬೆಲ್ಲದ ಚಹಾ ಕುಡಿದು ಅವನು ಒಮ್ಮೆ ಕಣ್ಣೀರು ಹಾಕಿದ್ದುಂಟು. ಇವೆಲ್ಲವುಗಳ ಮೇಲೆ ಅವನು ಪಟ್ಟ ಕಟ್ಟಿದ್ದು ತನ್ನ ಓಣಿಯ ಯಮನಪ್ಪನ ಹೋಟೆಲ್ಲಿನ ಚಹಾಕ್ಕೆ. "ಬಶಿಯಾಗ ಸುರುವಿದ್ರ ಅಂಚಿಗೆ ಕೆಂಪು ಗೆರಿ ನಿಲ್ಲಬೇಕು. ಗಂಟಲಾ ಇಳದಮ್ಯಾಲೆ ಹುರದದ್ದೊಂದು ವಾಸನಿ ಮೂಗಿಗೆ ಹೊಳ್ಳಿ ಬರಬೇಕು. ಅದು ಖರೆ ಚಾ. ಉಳದದ್ದೆಲ್ಲ ಬಿಸಿನೀರು," ಎನ್ನುತ್ತಿದ್ದ. ಹನ್ನೆರಡು ವರ್ಷದಿಂದ ಓಣಿಯವರು ಇದನ್ನು ಕೇಳಿ ಕೇಳಿ ನಂಬಿಬಿಟ್ಟಿದ್ದರು.

ಈಗ ಈ ನಾಲಿಗೆಗೆ ಒಂದು ಕಾಲ ಬಂದಿತ್ತು. ಮುಂಬಯಿಯ ಚಹಾ ಕಂಪನಿಯೊಂದು ಜಮಖಂಡಿ, ಮುಧೋಳ, ಬೀಳಗಿ ಮೂರೂ ತಾಲೂಕಿಗೆ ಏಜಂಟನನ್ನು ಹುಡುಕುತ್ತಿತ್ತು. ಸಿದರಾಯ ನಾಲ್ಕು ಪುಟ ಅರ್ಜಿ ಬರೆದ. "ನಮ್ಮ ಪ್ರತಿನಿಧಿಗಳು ಶನಿವಾರ ಸಂಜೆಯ ಬಸ್ಸಿಗೆ ಬಂದು ತಮ್ಮನ್ನು ಕಾಣುವರು" ಎಂದು ಉತ್ತರ ಬಂತು. ಪತ್ರ ಓಣಿಯಲ್ಲೆಲ್ಲ ಓಡಾಡಿ ಮೂಲೆ ಸವೆದು ಮನೆಗೆ ಮರಳಿತು. ಹೆಂಡತಿ ಶಂಕ್ರೆವ್ವ ಬೇಡವೆಂದರೂ ಕೇಳದೆ ಅವನು ನೂಲಿನಂಗಡಿಯ ಸಾವಕಾರರಿಗೆ, ಸೋಮವಾರದಿಂದ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಯೂ ಬಂದಿದ್ದ.

ಹೀಗೆ ಶನಿವಾರ ಮುಂಜಾನೆ ಯಮನಪ್ಪನ ಹೋಟೆಲ್ಲಿಗೆ ಹೋದರೆ ಒಲೆಯ ಮುಂದೆ ಯಾರೂ ಇಲ್ಲ. ಹಿಂದಿನ ಖೋಲಿಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಸುರ್ರೆಂದು ಏನೋ ಎಳೆದುಕೊಂಡ ಸದ್ದು, ಆಮೇಲೆ ಥೂ ಎಂದು ಉಗುಳಿದ ಸದ್ದು. ಸಿದರಾಯ ಬಾಗಿಲ ಸಂದಿಗೆ ಕಣ್ಣಿಟ್ಟ. ಕೋಟು ತೊಟ್ಟ ಪರಸ್ಥಳದ ಮನುಷ್ಯನೊಬ್ಬ ಗಾಜಿನ ಗ್ಲಾಸಿನಿಂದ ಹಾಲಿಲ್ಲದ, ತಿಳಿಗೆಂಪು ನೀರನ್ನು ಬಾಯಿಗೆ ಎಳೆದು, ಕಣ್ಣು ಮುಚ್ಚಿ, ಗಲ್ಲದೊಳಗೆ ಹೊರಳಾಡಿಸಿ, ಕೆಳಗಿಟ್ಟ ಬೋಗುಣಿಗೆ ಉಗುಳಿದ. ಯಮನಪ್ಪ ಕಿಟಲಿ ಹಿಡಿದು ಭಕ್ತಿಯಿಂದ ನಿಂತಿದ್ದ. ಸಿದರಾಯ ಮುಖ ಕಿವುಚಿಕೊಂಡು ಹೊರಗೆ ಬಂದ. ಬಾಯಿಗೆ ಹೋದದ್ದನ್ನು ಹೊರಗೆ ಹಾಕುವವರನ್ನು ಅವನು ಜ್ವರ ಬಂದಾಗಲ್ಲದೆ ನೋಡಿರಲಿಲ್ಲ.

ಹೊರಗೆ ಕಟ್ಟೆಯ ಮೇಲೆ ವೀಳ್ಯದೆಲೆ ಮಾರುತ್ತಿದ್ದ ಮಾಯವ್ವ, "ಯಾಕೋ ಸಿದರಾಯ, ಮಾರಿ ಹಿಂಗ ಮಾಡೀಯಲ್ಲ?" ಎಂದಳು.

"ಒಳಗ ಯಾವನೋ ಕೋಟಿನವ ಏನೋ ಕೆಂಪಂದು ಕುಡದು ಉಗಳಾಕತ್ತಾನಬೇ."

"ಹಾಲು?"

"ಇಲ್ಲ."

"ಬಾಗಲಾ?"

"ಹಾಕ್ಯಾರ."

"ಹಂಗಾದ್ರ ಅದ," ಎಂದು ಮಾಯವ್ವ ಎಲೆಯ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿ, ಸುದ್ದಿ ಹೊತ್ತು ಓಣಿಯೊಳಗೆ ಹೊರಟಳು. ಆಗ ಕುಡಿತ ನಿಷೇಧಿಸಿದ ದಾರೂಬಂದಿ ಕಾಯದೆ ಬಂದು ಒಂದೆರಡು ವರ್ಷವಾಗಿತ್ತು. 'ಅದು' ಎಂದರೆ ಏನೆಂದು ಕೂಸಿಗೂ ತಿಳಿಯುತ್ತಿತ್ತು. ಸಿದರಾಯ ಹಾಗೆ ಅಂದಿರಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಚಹಾ ಸಿಗದ ಸಿಟ್ಟಿನಲ್ಲಿ ಜಳಕಕ್ಕೆ ಮನೆಗೆ ಹೋದ.

ತಲೆ ಒರೆಸಿಕೊಳ್ಳುವಷ್ಟರಲ್ಲಿ ಹವಾಲ್ದಾರ ಬಾಗಿಲಿಗೆ ಬಂದ. "ಫೌಜದಾರ ಸಾಹೇಬ್ರು ಕರ್‍ಯಾಕತ್ತಾರ. ಯಮನಪ್ಪನ ಹೋಟೆಲ್ಲಿಗೆ."

ಹೋಟೆಲ್ಲಿನ ಮುಂದೆ ಅರ್ಧ ಬನಹಟ್ಟಿ ನೆರೆದಿತ್ತು. ಮೇಜಿನ ಮೇಲೆ ಕಿಟಲಿ. ಅದರ ಒಂದು ಬದಿಗೆ ನೆಗಡಿಯಾಗಿ ಮಫ್ಲರು ಸುತ್ತಿಕೊಂಡ ಫೌಜದಾರ ಬಾಳಾಸಾಹೇಬ, ಇನ್ನೊಂದು ಬದಿಗೆ ಕೈಮುಗಿದು ನಿಂತ ಯಮನಪ್ಪ. ಕೋಟಿನ ಮನುಷ್ಯ ಮಾತ್ರ ಎಲ್ಲಿಗೋ ಹೋಗಿದ್ದ.

"ಚಾ ಐತ್ರಿ ಸಾಹೇಬ್ರ," ಎನ್ನುತ್ತಿದ್ದ ಯಮನಪ್ಪ. "ಅವ್ರು ನಸುಕಿನ್ಯಾಗ ಮೋಟಾರ ಇಳದು ಬಂದು ಖೋಲಿ ಹಿಡದ್ರು. ತಾವ ಎಲಿ ಕೊಟ್ಟು, ಹಾಲು ಹಾಕಬ್ಯಾಡ, ಸಕ್ಕರಿ ಹಾಕಬ್ಯಾಡ ಅಂದ್ರು. ಯಾರಂತ ನನಗೂ ಹೇಳಿಲ್ರಿ."

"ಹಾಲಿಲ್ಲ, ಸಕ್ಕರಿ ಇಲ್ಲ, ಚಾ ಅಂತ," ಎಂದು ಫೌಜದಾರ ಮೂಗು ಏರಿಸಿದ. "ನನಗ ನೆಗಡಿ, ವಾಸನಿ ಹತ್ತೂದಿಲ್ಲ. ಹವಾಲ್ದಾರಗ ಕುಡಸಿದ್ರ ಡ್ಯೂಟಿ ಮ್ಯಾಲೆ ಕುಡದಂಗಾತು. ತಪಾಸಣಿಗೆ ಕಳಿಸಿದ್ರ ಉತ್ತರಾ ಬರೂದು ಮುಂದಿನ ಮಳಿಗಾಲಕ್ಕ. ಸಿದರಾಯಪ್ಪ, ಒಂದು ಗುಟಕ ಕುಡದು ಹೇಳ್ರಿ. ಇದು ಚಾನೋ ಅಲ್ಲೋ?"

ಸಿದರಾಯ ಹಿಂದೆ ಸರಿದ. ಮಾಯವ್ವ ಅವನ ಬೆನ್ನಿಗೆ ಕೈಹಚ್ಚಿ ಮುಂದೆ ನೂಕಿದಳು. "ಇವನ ನಾಲಿಗಿ ಮುಂಬಯಿತನಕಾ ಹೋಗೇತ್ರಿ ಸಾಹೇಬ್ರ. ಇವನ್ನ ಬಿಟ್ಟು ಯಾರನ್ನ ಕೇಳ್ತೀರಿ?"

ಈ ಮಾತು ಕಿವಿಗೆ ಬಿದ್ದದ್ದೇ ಸಿದರಾಯನಿಗೆ ಸಂಜೆಯ ಬಸ್ಸು ನೆನಪಾಯಿತು. ಸರಕಾರಿ ಕಾಗದದ ಮೇಲೆ ತನ್ನ ನಾಲಿಗೆಯ ಹೆಸರು ಬಂದರೆ ಕಂಪನಿಯವರಿಗೆ ತೋರಿಸಬಹುದಲ್ಲ ಎಂದುಕೊಂಡ. ಗಂಟಲು ಸರಿಮಾಡಿಕೊಂಡು, "ಪಂಚನಾಮಿಯಾಗ ನನ್ನ ಹೆಸರಿನ ಮುಂದ ಚಾದ ಪರೀಕ್ಷಕ ಅಂತ ಬರೀರಿ ಸಾಹೇಬ್ರ," ಎಂದ. ಫೌಜದಾರ ಬರೆಸಿದ.

ಮೊದಲ ಗುಟುಕಿಗೆ ಸಿದರಾಯ ಹೌಹಾರಿದ. ಸಿಹಿಯಿಲ್ಲ. ಕೆನೆಯಿಲ್ಲ. ಬಾಯಿಯ ಒಳಗೆಲ್ಲ ಯಾರೋ ದಾರ ಹಾಕಿ ಜಗ್ಗಿದ ಹಾಗಾಯಿತು. ಎರಡನೆಯ ಗುಟುಕಿಗೆ ಯಾವುದೋ ಹೂವಿನ ವಾಸನೆ, ಹಸಿ ಹುಲ್ಲಿನ ವಾಸನೆ. ಇಷ್ಟು ವರ್ಷ ಇಷ್ಟು ಊರಲ್ಲಿ ಕುಡಿದ ಯಾವ ಚಹಾದಲ್ಲೂ ಇದು ಇರಲಿಲ್ಲ. ಖಾತ್ರಿಗೆಂದು ಮೂರನೆಯ ಗುಟುಕನ್ನೂ ನುಂಗಿದ. ಬಶಿಯ ಅಂಚಿಗೆ ಕೆಂಪು ಗೆರೆ ನಿಲ್ಲಲಿಲ್ಲ, ಹುರಿದ ವಾಸನೆ ಮೂಗಿಗೆ ಮರಳಲಿಲ್ಲ.

"ಇದು ಚಾ ಅಲ್ಲ," ಎಂದ.

"ಸಿದರಾಯಪ್ಪ, ಹನ್ನೆರಡು ವರ್ಷ ನನ್ನ ಕೈಯಾಗಿಂದ ಕುಡದೀರಿ," ಎಂದ ಯಮನಪ್ಪ.

"ಅದಕ್ಕ ಹೇಳಾಕತ್ತೇನಿ. ಕೊರಳಾಗಿನ ಲಿಂಗಾ ಮುಟ್ಟಿ ಹೇಳತೇನಿ. ಇದರಾಗ ಚಾ ಅನ್ನೂದು ಹನಿ ಸುದ್ದಾ ಇಲ್ಲ."

"ಚಾ ಅಲ್ಲಂದ್ರ ದಾರೂನ ಆತು," ಎಂದು ಫೌಜದಾರ ಬರೆಸಿದ. "ಮೂರು ಗುಟಕ ಕುಡದು ಖಾತ್ರಿ ಮಾಡಿಕೊಂಡ್ರು ಅಂತನೂ ಬರೀ."

ಸಿದರಾಯನಿಗೆ ತಾನು ಕುಡಿದದ್ದು ಏನೆಂಬುದು ಆಗ ತಲೆಗೆ ಹೋಯಿತು. ಅವನ ಮನೆತನದಲ್ಲಿ ದಾರೂ ಮುಟ್ಟಿದವರಿರಲಿಲ್ಲ. ಬರಿ ಹೊಟ್ಟೆ, ಎದೆ ಡವಡವ ಹೊಡೆದುಕೊಳ್ಳತೊಡಗಿತು, ಕಿವಿ ಬಿಸಿಯಾದವು. ಹೋಟೆಲ್ಲಿನ ಕಂಬ ಎರಡಾಗಿ ಕಂಡಿತು, ಅದರಲ್ಲಿ ಹತ್ತಿರದ್ದನ್ನು ಅಪ್ಪಿಕೊಂಡ.

"ಏರೇತಿ," ಎಂದಳು ಮಾಯವ್ವ. "ಕಣ್ಣು ನೋಡ್ರಿ ಹ್ಯಾಂಗ ಆಗ್ಯಾವು."

ಬನಹಟ್ಟಿಯಲ್ಲಿ ಕುಡಿದವನನ್ನು ಕಂಡುಹಿಡಿಯಲು ಒಂದೇ ಪರೀಕ್ಷೆ. ಕಡಿದ ರೇಶಿಮೆ ಎಳೆಯೊಂದನ್ನು ಕೈಯಲ್ಲಿಟ್ಟು ಗಂಟು ಹಾಕು ಎನ್ನುತ್ತಾರೆ. ಮಗ್ಗದ ಮುಂದೆ ಹುಟ್ಟಿ ಬೆಳೆದವನಿಗೆ ಅದು ಕಣ್ಣು ಕಟ್ಟಿದರೂ ಬರಬೇಕು. ಯಾರೋ ಎಳೆ ತಂದು ಕೊಟ್ಟರು. ಮೊದಲ ಸಲ ಎಳೆ ಸಿದರಾಯನ ಬೆರಳಿನಿಂದ ಜಾರಿ ನೆಲಕ್ಕೆ ಬಿತ್ತು. ಎರಡನೆಯ ಸಲ ಅಂಗಿಯ ಗುಂಡಿಗೆ ಸುತ್ತಿಕೊಂಡಿತು. ನೆರೆದವರ ಪಾಲಿಗೆ ಇದು ಪಂಚನಾಮೆಗಿಂತ ದೊಡ್ಡ ಸಾಕ್ಷಿ.

"ಕುಡ್ಯಾಕ ಪರ್ಮಿಟ್ ಐತೇನು?" ಎಂದು ಕೇಳಿದ ಫೌಜದಾರ.

"ನೀವ ಕುಡಸಿದ್ರಲ್ರಿ ಸಾಹೇಬ್ರ."

"ನಾ ಒಂದು ಗುಟಕ ಅಂದೆ. ಉಳದ ಎರಡು ನಿಮ್ಮವು. ಠಾಣೆಕ್ಕ ನಡೀರಿ."

ಠಾಣೆಗೆ ಹೋಗುವ ಮೊದಲು ಏರಿದ್ದು ಇಳಿಯಲಿ ಎಂದು ಮಾಯವ್ವ ತುಂಬಿದ ಕೊಡವನ್ನು ಅವನ ನೆತ್ತಿಯ ಮೇಲೆ ಸುರುವಿದಳು. ಸಾಲದೆಂದು ಇನ್ನೊಬ್ಬರು ಇನ್ನೊಂದು ಕೊಡ ತಂದರು. ನೀರು ಕಣ್ಣಿನಿಂದ ಇಳಿದ ಮೇಲೆ ಸಿದರಾಯನಿಗೆ ಕಂಡದ್ದು ಓಣಿಯ ತಿರುವಿನಲ್ಲಿ ಹೆಂಡತಿ ಶಂಕ್ರೆವ್ವ, ಅವಳ ಹಿಂದೆ ಅದೇ ಕೋಟಿನ ಮನುಷ್ಯ.

"ಇವ್ರು ನಿಮ್ಮನ್ನ ಹುಡಕ್ಕೊಂಡು ಮನಿಗೆ ಬಂದಾರ," ಎಂದಳು ಶಂಕ್ರೆವ್ವ. ಗಂಡನ ಅವತಾರ ನೋಡಿ ಸೆರಗಿನಿಂದ ಅವನ ತಲೆ ಒರೆಸಹೋದಳು.

"ನಾನು ವಾಸುದೇವರಾವ್, ಮುಂಬಯಿ ಚಹಾ ಕಂಪನಿಯವ," ಎಂದ ಕೋಟಿನ ಮನುಷ್ಯ. "ಸಂಜೀಗೆ ಬರ್ತೀನಿ ಅಂತ ಬರದು ಮುಂಜಾನೆ ಬರೋದು ನಮ್ಮ ಪದ್ಧತಿ. ಈ ಊರಿನ ನೀರಿಗೆ ನಮ್ಮ ಚಹಾ ಹ್ಯಾಂಗ ಬರ್ತದ ಅಂತ ಮೊದಲು ನೋಡಿದೆ. ನನ್ನ ಕಿಟಲಿಗೆ ಪೋಲೀಸರು ಯಾಕ ಸುತ್ತಿಕೊಂಡಾರ?"

"ಅದರಾಗ ದಾರೂ ಐತಿ," ಎಂದ ಫೌಜದಾರ.

"ದಾರೂ? ಡಾರ್ಜಿಲಿಂಗದ ಮೊದಲ ಚಿಗುರು ಅದು. ಇದಕ್ಕಿಂತ ಖರೆ ಚಹಾ ನಮ್ಮ ಗೋದಾಮಿನ್ಯಾಗ ಇಲ್ಲ." ವಾಸುದೇವರಾವ್ ಕಿಟಲಿಯಲ್ಲಿ ಉಳಿದದ್ದನ್ನು ಎಲ್ಲರೆದುರು ಕುಡಿದ. ಚೀಲದಿಂದ ಎಲೆಯ ಡಬ್ಬಿ, ಕಂಪನಿಯ ಶಿಕ್ಕೆಯ ಕಾಗದ ತೆಗೆದು ಮೇಜಿನ ಮೇಲಿಟ್ಟ. ಫೌಜದಾರ ಎರಡು ಸಲ ಓದಿ ಪೆನ್ನಿನ ಟೊಪ್ಪಿಗೆ ಹಾಕಿದ.

"ಹಂಗಾದ್ರ ಇವ್ರಿಗೆ ಏರಿದ್ದೇನು?"

"ಅಂಜಿಕಿ ಇರಬೇಕು," ಎಂದು ವಾಸುದೇವರಾವ್ ಸಿದರಾಯನ ಕಡೆ ತಿರುಗಿದ. "ಅರ್ಜಿ ಬರದ ಸಿದರಾಯಪ್ಪ ನೀವೇ ಏನು? ಈ ಚಹಾ ಕುಡದು ಚಹಾ ಅಲ್ಲ ಅಂದವರೂ ನೀವೇ?" ಸಿದರಾಯನ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಉತ್ತರ ಕೊಡುವ ಕೆಲಸ ನೆರೆದವರು ಮಾಡಿದರು. "ಹಂಗಾದ್ರ ನಿಮ್ಮ ಪ್ರಕಾರ ಚಹಾ ಯಾವುದು, ತರಿಸ್ರಿ, ನೋಡೋಣ," ಎಂದ ವಾಸುದೇವರಾವ್.

ಯಮನಪ್ಪ ಅಲುಗಲಿಲ್ಲ. ಸಿದರಾಯನಿಗೆ ಜೀವ ಬಂದಂತಾಗಿ, "ಮಾಡೋ ಯಮನಪ್ಪ, ದಿನಾ ಮಾಡ್ತೀಯಲ್ಲ, ಅದ ಮಾಡು. ಸಾಹೇಬ್ರಿಗೂ ತಿಳೀಲಿ," ಎಂದು ಬೆನ್ನು ಬಿದ್ದ. ಏಜನ್ಸಿ ಉಳಿಯುವುದಿದ್ದರೆ ಈ ಕಪ್ಪಿನಿಂದಲೇ ಎಂದು ಅವನಿಗೆ ಅನ್ನಿಸಿತ್ತು. ಯಮನಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಒಲೆಗೆ ಹೋದ.

ವಾಸುದೇವರಾವ್ ಸುರ್ರೆಂದು ಎಳೆದುಕೊಂಡ. ಕಣ್ಣು ಮುಚ್ಚಿದ. ಬಹಳ ಹೊತ್ತು ಹೊರಳಾಡಿಸಿದ. ಉಗುಳಿ, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, "ಹಾಲು ಅದ, ಬೆಲ್ಲ ಅದ, ಶುಂಠಿ ಅದ. ಚಹಾ ಇಲ್ಲ," ಎಂದ.

ಓಣಿಗೆ ಓಣಿಯೇ ಗರಬಡಿದು ನಿಂತಿತು. ಫೌಜದಾರನ ನೆಗಡಿಯೂ ಒಂದು ಕ್ಷಣ ನಿಂತುಹೋಯಿತು. ದಿನಾ ಎರಡು ಹೊತ್ತು ಅವನಿಗೂ ಚಹಾ ಇಲ್ಲಿಂದಲೇ ಹೋಗುತ್ತಿತ್ತು.

"ತಪ್ಪಾತ್ರಿ," ಎಂದ ಯಮನಪ್ಪ. "ಹತ್ತು ವರ್ಷದ ಹಿಂದ ಲಡಾಯಿ ಕಾಲಕ್ಕ ಚಾಪುಡಿ ಸಿಗಲಿಲ್ಲ. ಕಡ್ಲಿ ಸಿಪ್ಪಿ, ಹುಣಸಿ ಬೀಜದ ಸಿಪ್ಪಿ ಹುರದು ಪುಡಿ ಮಾಡಿ ಹಾಕಿ ನೋಡಿದೆ. ಎರಡು ದಿನಾ ಅಷ್ಟ ಅಂತ ಮಾಡಿದ್ದೆರಿ. ಇವತ್ತಿನ ಚಾ ಮೊದಲಿನಕಿಂತ ಛಲೋ ಆಗೇತಿ ಅಂತ ಸಿದರಾಯಪ್ಪಾರು ಅಂದ್ರು. ಅವ್ರು ಅಂದಮ್ಯಾಲೆ ಓಣಿ ಮಂದಿನೂ ಅಂದ್ರು. ಮತ್ತ ಯಾಕ ಬದಲ ಮಾಡ್ಲಿ?"

ಸಿದರಾಯ ಇಡೀ ದಿನದಲ್ಲಿ ಇಷ್ಟು ಹೌಹಾರಿರಲಿಲ್ಲ. ಹತ್ತು ವರ್ಷ ತಾನು ಹೊಗಳಿದ್ದು ಹುಣಸೆಯ ಬೀಜವನ್ನೇ ಎಂದು ಕೇಳಿ ಅವನಿಗೆ ಅಳು ಬಂತು, ನಾಚಿಕೆಯೂ ಆಯಿತು. ವಾಸುದೇವರಾವ್ ಮಾತ್ರ ಯಮನಪ್ಪನನ್ನೇ ನೋಡುತ್ತಿದ್ದ.

"ನಾ ಕೊಟ್ಟ ಎಲಿ ನೋಡಿದ ಕೂಡ್ಲೇ ಇವ್ರು, ಸಾಹೇಬ್ರ ಇದು ಭಾರೀ ಚಾ ಐತಿ ಅಂದಿದ್ರು," ಎಂದ. "ಚಹಾ ಯಾವುದು, ಚಹಾ ಅಲ್ಲದ್ದು ಯಾವುದು ಅಂತ ಈ ಊರಾಗ ತಿಳದಾವ್ರು ಇವ್ರೊಬ್ಬರೇ. ಅಂಥವರು ನಮಗ ಬೇಕು." ಆ ಮೇಜಿನ ಮೇಲೆಯೇ ಮೂರು ತಾಲೂಕಿನ ಏಜನ್ಸಿಯ ಕಾಗದಕ್ಕೆ ಯಮನಪ್ಪನ ಸಹಿ ಬಿತ್ತು. ಸಾಕ್ಷಿ ಹಾಕಿದವನು ಫೌಜದಾರ.

ಸೋಮವಾರ ಸಿದರಾಯ ಸಾವಕಾರರ ಕೈಕಾಲು ಹಿಡಿದು ನೂಲಿನಂಗಡಿಯ ಕೆಲಸವನ್ನು ಮರಳಿ ಪಡೆದ. ಅದು ಹೇಗೋ ಸಿಕ್ಕಿತು. ಚಹಾ ಸಿಗಲಿಲ್ಲ. ಹೋಟೆಲ್ಲಿನಲ್ಲೀಗ ಕಂಪನಿಯ ಅಸಲು ಚಹಾ. ನಾಲ್ಕು ದಿನ ಅವನು ಅದನ್ನು ಹಾಲು ಬೆರೆಸಿ, ಸಕ್ಕರೆ ಬೆರೆಸಿ, ಮೂಗು ಮುಚ್ಚಿ ಕುಡಿದು ನೋಡಿದ, ಗಂಟಲಿಗೆ ಇಳಿಯಲೊಲ್ಲದು. ಐದನೆಯ ದಿನ ಗಿರಾಕಿಗಳಿಲ್ಲದ ಹೊತ್ತು ನೋಡಿ ಯಮನಪ್ಪನ ಹತ್ತಿರ ಸರಿದ.

"ಯಮನಪ್ಪ, ಹಳೇದು ಒಂದು ಕಪ್ಪ ಮಾಡಿಕೊಡೋ."

"ಈಗ ಏಜಂಟ ಆಗೇನ್ರಿ. ಅಂಗಡ್ಯಾಗ ಅದನ್ನ ಮಾಡಿದ್ರ ಕಂಪನಿ ಬಿಡೂದಿಲ್ಲ." ಯಮನಪ್ಪ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಖರೆ ಹೇಳ್ಲೇನು? ನನಗೂ ಇದು ಸೇರೂದಿಲ್ಲ. ಮನ್ಯಾಗ ಇನ್ನೂ ಹಳೇದ ಕುಡೀತೇನಿ."

ಸಿದರಾಯನ ಬಾಯಲ್ಲಿ ನೀರೂರಿತು. "ಹಂಗಾದ್ರ ಸಂಜಿಕ ನಿಮ್ಮ ಮನಿಗೆ ಬರಲೇನು?"

ಯಮನಪ್ಪ ಹೊರಗೆ ಕಟ್ಟೆಯ ಮೇಲೆ ಕುಳಿತ ಮಾಯವ್ವನನ್ನು ನೋಡಿದ, ಆಮೇಲೆ ಸಿದರಾಯನನ್ನು ನೋಡಿದ.

"ಬ್ಯಾಡ್ರಿ," ಎಂದ. "ನೀವು ಕುಡದು ಸುಮ್ಮನಿರೂದಿಲ್ಲ."